ಕೆರೆದರಷ್ಟೇ ಸಾಲದು: ಜಲ್ಲಿಹಾದಿ ಮತ್ತು ಸಣ್ಣ ಟ್ರ್ಯಾಕ್ಟರು

ಸಿಡ್ನಿಯ ವಾಯವ್ಯದ ಡ್ಯೂರಲ್, ಮೆಲ್ಬರ್ನಿನ ಪಶ್ಚಿಮದ ಮೆಲ್ಟನ್‌ನಂಥ ಊರಂಚುಗಳಲ್ಲಿ ಎಕರೆಗಟ್ಟಲೆ ಜಾಗವಿರುವ ಎಷ್ಟೋ ಮನೆಗಳಿಗೆ ಗೇಟಿನಿಂದ ಬಾಗಿಲವರೆಗೆ ಜಲ್ಲಿಯ ಹಾದಿ. ಕಾಂಕ್ರೀಟಿಗಿಂತ ಅಗ್ಗ, ಕೆಟ್ಟರೆ ತಿದ್ದಬಹುದು. ಕೆಲವು ವರ್ಷ ಕಳೆಯುವಷ್ಟರಲ್ಲಿ ಚಕ್ರ ಓಡುವ ಕಡೆ ಎರಡು ಜಾಡು ಬಿದ್ದು, ನಡುವೆ ಹುಲ್ಲು ಎದ್ದಿರುತ್ತದೆ. ಆಗ ಬರುವುದು 18ರಿಂದ 25 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರು, ಅದರ ಹಿಂದೊಂದು ಬಾಕ್ಸ್ ಬ್ಲೇಡು. ಮಧ್ಯಾಹ್ನದ ಊಟದ ಹೊತ್ತಿಗೆ ಹಸಿರು ಹೋಗಿ ಹಾದಿ ಸಪಾಟಾಗಿರುತ್ತದೆ, ಮನೆಯವರಿಗೂ ಸಮಾಧಾನ. ಆ ಸಮಾಧಾನ ಮುಂದಿನ ಮಳೆಯವರೆಗೆ ಮಾತ್ರ ಎಂಬುದು ನನ್ನ ತಕರಾರು. ಹಾದಿಯ ಆಕಾರ ತಿದ್ದಲು ಈ ಯಂತ್ರ ಒಳ್ಳೆಯದು, ಕಳೆ ತೆಗೆಯಲು ಅಷ್ಟಕ್ಕಷ್ಟೇ. ಬಹುಪಾಲು ಜನ ಅದನ್ನು ಹೊರಗೆ ತೆಗೆಯುವುದು ಕಳೆ ಕಂಡಾಗಲೇ.

ಜಲ್ಲಿಯಲ್ಲಿ ಏಳುವ ಕಳೆಯಲ್ಲಿ ಹೆಚ್ಚಿನದು ಅಡಿಯಿಂದ ಬಂದದ್ದಲ್ಲ. ಉದುರಿದ ಎಲೆ ಕೊಳೆತು, ದೂಳು ಕೂತು, ಕಲ್ಲುಗಳ ಸಂದಿಯಲ್ಲಿ ತೆಳ್ಳನೆಯ ಮಣ್ಣಾಗುತ್ತದೆ. ಗಾಳಿಗೆ ಬಂದ ಬೀಜ ಅಲ್ಲಿ ಮೊಳೆಯುತ್ತದೆ. ಇಂಥ ಎಳೆ ಕಳೆಗೆ ನಮ್ಮ ಕುಂಟೆಯಂಥ ಸಾಧನ ಬೇಕು: ಮೇಲ್ಮೈಯಿಂದ ಎರಡು ಬೆರಳು ಕೆಳಗೆ ಅಲಗು ಹಾಯಬೇಕು, ಬೇರು ಕತ್ತರಿಸಿದ ಗಿಡ ಬಿದ್ದಲ್ಲೇ ಬಿಸಿಲಿಗೆ ಒಣಗಬೇಕು. ಬಾಕ್ಸ್ ಬ್ಲೇಡು ಹಾಗೆ ಮಾಡುವುದಿಲ್ಲ. ಮುಂದಿನ ಹಲ್ಲುಗಳಿಂದ ಕಿತ್ತು, ಹಿಂದಿನ ಅಲಗಿನಿಂದ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ಕಳೆಯ ಜೊತೆಗೆ ಕ್ರಷರ್ ಪುಡಿಯೂ ಹೋಗುತ್ತದೆ. ಕಲ್ಲನ್ನು ಕಲ್ಲಿಗೆ ಹಿಡಿದಿಡುವುದು ಆ ಪುಡಿಯೇ. ಕೆರೆದ ರಾಶಿಯನ್ನು ಹಾಗೇ ಹೊತ್ತು ಹಾಕುವವರು ಹಾದಿಯ ಅಂಟನ್ನೇ ಹೊರಗೆ ಹಾಕಿದಂತೆ. ರಾಶಿಯನ್ನು ಬದಿಗೆ ಎಳೆದು, ರೇಕಿನಿಂದ ಬೇರು ಉದುರಿಸಿ, ಜಲ್ಲಿಯನ್ನೂ ಪುಡಿಯನ್ನೂ ವಾಪಸು ಹರಡಬೇಕು. ಹೊತ್ತು ಹಿಡಿಯುವ ಕೆಲಸ, ಬಿಡುವಂಥದ್ದಲ್ಲ.

ಕಳೆ ಯಾವುದೆಂದು ನೋಡದೆ ಬ್ಲೇಡು ಇಳಿಸುವುದು ಇನ್ನೂ ದೊಡ್ಡ ತಪ್ಪು. ಮೆಲ್ಬರ್ನಿನಲ್ಲಿ ಶರತ್ಕಾಲದ ಮೊದಲ ಮಳೆಗೆ ಹುಟ್ಟುವ ಕೇಪ್‌ವೀಡ್, ಸಿಡ್ನಿಯ ಮಕ್ಕಳ ಬರಿಗಾಲಿಗೆ ಚುಚ್ಚುವ ಬಿಂಡಿ, ಇವೆರಡೂ ಒಂದೇ ವರ್ಷದ ಗಿಡಗಳು. ಬೀಜ ಕಟ್ಟುವ ಮುಂಚೆ ತೆಳ್ಳಗೆ ಕೆರೆದರೆ ಆ ವರ್ಷಕ್ಕೆ ಮುಗಿಯಿತು. ಅಲ್ಲಿನವರು ಕೌಚ್ ಎನ್ನುವ ಹುಲ್ಲು ನಮ್ಮ ಗರಿಕೆ. ನಟ್‌ಗ್ರಾಸ್ ನಮ್ಮ ಜೇಕು. ಜೊತೆಗೆ ಪೂರ್ವ ಆಫ್ರಿಕಾದ ಮಲೆನಾಡಿನಿಂದ ಬಂದ ಕಿಕುಯು ಹುಲ್ಲು. ಇವುಗಳ ಮೇಲೆ ಹಲ್ಲು ಎಳೆದರೆ ಗಣ್ಣುಗಣ್ಣಾಗಿ, ಗೆಡ್ಡೆಗೆಡ್ಡೆಯಾಗಿ ಹರಿದು ಹಾದಿಯುದ್ದಕ್ಕೂ ನಾಟಿಯಾಗುತ್ತವೆ. ಗರಿಕೆ ಬಿದ್ದ ಹೊಲ ಉತ್ತವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಇವನ್ನು ಮೊದಲು ಬೇರುಸಹಿತ ಸಾಯಿಸಬೇಕು, ಆಮೇಲೆ ಟ್ರ್ಯಾಕ್ಟರು. ಅದಕ್ಕೆ ಬಳಸುವ ಕಳೆನಾಶಕ ಗ್ಲೈಫೋಸೇಟ್ ಬಗ್ಗೆ ಅಳುಕು ಇದ್ದೇ ಇದೆ: 2015ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಸಾಲಿಗೆ ಸೇರಿಸಿತು, ಆಸ್ಟ್ರೇಲಿಯಾದ ಕೀಟನಾಶಕ ಪ್ರಾಧಿಕಾರ ಮಾತ್ರ ಲೇಬಲ್ಲಿನಂತೆ ಬಳಸಿದರೆ ಸುರಕ್ಷಿತ ಎನ್ನುತ್ತದೆ. ಎರಡೂ ನಗರಗಳ ಕೆಲವು ಪುರಸಭೆಗಳು ಬಿಸಿ ಹಬೆಯ ಕಡೆ ಹೊರಳಿವೆ. ಹಬೆ ಮೇಲಿನ ಹಸಿರನ್ನು ಸುಡುತ್ತದೆ, ಗೆಡ್ಡೆಯನ್ನು ಮುಟ್ಟುವುದಿಲ್ಲ. ಹಾಗಾಗಿ ಮತ್ತೆ ಮತ್ತೆ ಮಾಡಬೇಕು.

ಇನ್ನು ಸಪಾಟು. ಜಲ್ಲಿಹಾದಿಗೆ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಹಾದಿ ಆಮೆಯ ಬೆನ್ನಿನಂತೆ ನಡುವೆ ಉಬ್ಬಿರಬೇಕು. ಡಾಂಬರಿಲ್ಲದ ರಸ್ತೆಗೆ ನೂರಕ್ಕೆ 4ರಿಂದ 6ರಷ್ಟು ವಾಟ ಬೇಕೆನ್ನುತ್ತಾರೆ. ಮೂರು ಮೀಟರ್ ಅಗಲದ ಹಾದಿಗೆ ಕನಿಷ್ಠವೆಂದರೂ ನಡುವಿಗಿಂತ ಅಂಚು 6 ಸೆಂಟಿಮೀಟರ್ ತಗ್ಗು. ಟ್ರ್ಯಾಕ್ಟರಿನ ಮೆಚ್ಚತಕ್ಕ ಗುಣ ಕಾಣುವುದು ಇಲ್ಲೇ: ಬ್ಲೇಡು ಹಿಡಿದಿರುವ ಹಿಂದಿನ ಕೊಂಡಿಗಳಲ್ಲಿ ಒಂದು ಬದಿಯದನ್ನು ತಿರುಗಿಸಿ ಬ್ಲೇಡನ್ನು ಓರೆ ಮಾಡಿ, ಅಂಚಿನಿಂದ ನಡುವಿಗೆ ಜಲ್ಲಿ ತರಬಹುದು. ಮೇಲಿನ ಕೊಂಡಿಯಾದ ಟಾಪ್ ಲಿಂಕ್ ಗಿಡ್ಡ ಮಾಡಿದರೆ ಹಲ್ಲು ಕಚ್ಚುತ್ತದೆ, ಉದ್ದ ಮಾಡಿದರೆ ಹಿಂದಿನ ಅಲಗು ನಯವಾಗಿ ಸವರುತ್ತದೆ. ಗುದ್ದಲಿ ಹಿಡಿದು ಇದನ್ನು ಮಾಡುವವರ ರಟ್ಟೆ ಬಿದ್ದುಹೋದೀತು.

ಸಿಡ್ನಿಯಲ್ಲಿ ವರ್ಷಕ್ಕೆ ಸುಮಾರು 1200 ಮಿಲಿಮೀಟರ್ ಮಳೆ, ಅದೂ ಒಮ್ಮೊಮ್ಮೆ ಧೋ ಎಂದು. ವಾಟವಿಲ್ಲದ ಹಾದಿ ಒಂದೇ ಮಳೆಗೆ ಹಳ್ಳವಾಗುತ್ತದೆ. ಮೆಲ್ಬರ್ನಿನ ಮಳೆ ಅದರ ಅರ್ಧಕ್ಕಿಂತ ತುಸು ಹೆಚ್ಚು. ಆದರೆ ಅದರ ಪಶ್ಚಿಮದ ಬಸಾಲ್ಟ್ ಬಯಲಿನ ಜೇಡಿಮಣ್ಣು ನಮ್ಮ ಎರೆಭೂಮಿಯ ಸ್ವಭಾವದ್ದು. ಚಳಿಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿದು, ಕೊಟ್ಟ ವಾಟವನ್ನು ತಾನೇ ಕೆಡಿಸುತ್ತದೆ. ಅಲ್ಲಿ ಆಗಾಗ ತಿದ್ದುವುದು ಅನಿವಾರ್ಯ.

ಯಂತ್ರದಲ್ಲೇ ಹುಟ್ಟಿದ ದೋಷವೂ ಒಂದಿದೆ. ಬ್ಲೇಡನ್ನು ಟ್ರ್ಯಾಕ್ಟರಿಗೆ ಸೇರಿಸುವ ಮೂರು ಕೊಂಡಿಯ ಜೋಡಣೆಯನ್ನು ಹ್ಯಾರಿ ಫರ್ಗ್ಯೂಸನ್ ರೂಪಿಸಿದ್ದು ನೇಗಿಲಿಗಾಗಿ. 1946ರಿಂದ ತಯಾರಾದ, ಆಸ್ಟ್ರೇಲಿಯಾದ ತೋಟಗಳಲ್ಲಿ ಇಂದಿಗೂ ಕಾಣುವ ಅವರ ಬೂದುಬಣ್ಣದ ಟಿಇ20 ಟ್ರ್ಯಾಕ್ಟರು ಅದನ್ನು ಮನೆಮಾತಾಗಿಸಿತು. ಆ ಜೋಡಣೆಯಲ್ಲಿ ಬ್ಲೇಡು ಹಿಂದಿನ ಗಾಲಿಗಳಾಚೆ ತೂಗುತ್ತದೆ. ಮುಂದಿನ ಗಾಲಿ ಗುಂಡಿಗಿಳಿದರೆ ಹಿಂದೆ ಬ್ಲೇಡು ಏಳುತ್ತದೆ, ಗಾಲಿ ಏರಿದರೆ ಬ್ಲೇಡು ಕೊರೆಯುತ್ತದೆ. ಹಳೆಯ ಅಲೆಗಳು ಹೀಗೆ ಹೊಸ ಅಲೆಗಳಾಗುತ್ತವೆ. ರಸ್ತೆ ಮಾಡುವ ಗ್ರೇಡರಿನಲ್ಲಿ ಅಲಗು ಮುಂದಿನ ಹಿಂದಿನ ಗಾಲಿಗಳ ನಡುವೆ ಇರುವುದು ಇದನ್ನು ತಪ್ಪಿಸಲಿಕ್ಕೇ. ಸಣ್ಣ ಟ್ರ್ಯಾಕ್ಟರಿಗೆ ಉಪಾಯ, ಎರಡು ಬದಿಗೆ ಉದ್ದ ಜಾರುಪಟ್ಟಿಗಳಿರುವ ಲ್ಯಾಂಡ್ ಪ್ಲೇನ್. ಅದು ಗಾಲಿಯನ್ನಲ್ಲ, ನೆಲವನ್ನೇ ಆಧರಿಸಿ ಉಬ್ಬು ಕತ್ತರಿಸಿ ತಗ್ಗು ತುಂಬುತ್ತದೆ. ವರ್ಷವರ್ಷ ಇದೇ ಕೆಲಸವಿರುವವರು ಬಾಕ್ಸ್ ಬ್ಲೇಡಿಗಿಂತ ಮೊದಲು ಇದನ್ನು ಕೊಳ್ಳಲಿ ಎಂದು ಖಚಿತವಾಗಿ ಹೇಳುತ್ತೇನೆ.

ಕೆರೆದು ಬಿಟ್ಟ ಜಲ್ಲಿ ಸಡಿಲ, ಅಂದರೆ ಮುಂದಿನ ಬೀಜಕ್ಕೆ ಹದವಾದ ಮಡಿ. ಟ್ರ್ಯಾಕ್ಟರಿನ ಅಗಲ ಟಯರು ಅದನ್ನು ಗಟ್ಟಿ ಮಾಡಲಾರದು, ರೋಲರೇ ಬೇಕು, ಅದೂ ಜಲ್ಲಿ ಹಸಿಯಾಗಿರುವಾಗ. ಮೆಲ್ಬರ್ನಿನ ರಾಯಲ್ ಬೊಟಾನಿಕ್ ಗಾರ್ಡನ್ಸ್ ಸುತ್ತಲಿನ 3.8 ಕಿಲೋಮೀಟರಿನ ಟ್ಯಾನ್ ಹಾದಿಯಂತೆ ದಿನವಿಡೀ ಓಟಗಾರರ ಕಾಲು ಬೀಳುವ ಜಲ್ಲಿಯಲ್ಲಿ ಹುಲ್ಲಿಗೆ ಅವಕಾಶವೇ ಸಿಗದು. ಮನೆಯ ಹಾದಿಗೆ ಆ ಭಾಗ್ಯವಿಲ್ಲ. ಹಸಿಯಿದ್ದಾಗ ಮಾಡಬೇಕೆನ್ನಲು ಇನ್ನೊಂದು ಕಾರಣ ದೂಳು. ಗ್ರಾನೈಟು, ಮರಳುಗಲ್ಲಿನ ಪುಡಿಯಲ್ಲಿ ಸಿಲಿಕಾ ಇರುತ್ತದೆ. ಅದೇ ಸಿಲಿಕಾ ಕಾರ್ಮಿಕರ ಶ್ವಾಸಕೋಶ ಹಾಳು ಮಾಡಿದ್ದಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಡುಗೆಮನೆಯ ಕೃತಕ ಕಲ್ಲನ್ನು ನಿಷೇಧಿಸಿತು. ಹಾದಿ ಕೆರೆಯುವವರ ಪಾಲಿಗೆ ಬರುವ ದೂಳು ಅಷ್ಟಿಲ್ಲದಿರಬಹುದು, ಆದರೂ ಒಣಜಲ್ಲಿಯನ್ನು ಬೇಸಿಗೆಯ ಗಾಳಿಯಲ್ಲಿ ಕೆರೆಯಬಾರದು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಬೇಲಿಯ ಕಡೆಯ ಒಂದಡಿ ಉಳಿಯುತ್ತದೆ, ಅಲ್ಲಿಗೆ ಬ್ಲೇಡು ಹೋಗದು. ಗರಿಕೆ, ಕಿಕುಯು ಮತ್ತೆ ಹಾದಿಗೆ ಹಬ್ಬುವುದು ಆ ಅಂಚಿನಿಂದಲೇ. ಆದ್ದರಿಂದ ಟ್ರ್ಯಾಕ್ಟರನ್ನು ಶೆಡ್ಡಿಗೆ ಸೇರಿಸಿದ ಮೇಲೆ ಕುಡುಗೋಲು, ಗುದ್ದಲಿ ಹಿಡಿದು ಅಲ್ಲೊಂದು ಸಣ್ಣ ಕಾಲುವೆ ತೋಡುವುದೂ ಇದೇ ಕೆಲಸದ ಭಾಗ.