ಅಂಗಮರ್ದನ: ಗುಣವೆಷ್ಟು, ಗುಣಗಾನವೆಷ್ಟು?

ಕೈಯಿಂದ ಮೈಯ ನೋವು ಕಳೆಯುವ ಕೆಲಸಕ್ಕೆ ಕನ್ನಡದಲ್ಲಿ ಎಷ್ಟು ಕ್ರಿಯಾಪದಗಳಿವೆ ಎಂದು ಎಣಿಸಿ ನೋಡಿ. ಸವರುವುದು, ನೀವುವುದು, ನಾದುವುದು, ತಿಕ್ಕುವುದು, ಒತ್ತುವುದು, ಹಿಸುಕುವುದು, ತಟ್ಟುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಲೆಂಡಿನ ವೈದ್ಯ ಯೋಹಾನ್ ಜಾರ್ಜ್ ಮೆಟ್ಸ್‌ಗರ್ ಇವೇ ಚಲನೆಗಳನ್ನು ವಿಂಗಡಿಸಿ ಫ್ರೆಂಚ್ ಹೆಸರುಗಳನ್ನು ಬಳಕೆಗೆ ತಂದರೆಂದು ವೈದ್ಯಚರಿತ್ರೆ ಬರೆದವರು ಹೇಳುತ್ತಾರೆ. ಎಫ್ಲುರಾಜ್ ಎಂದರೆ ನೀವುವುದು, ಪೆಟ್ರಿಸಾಜ್ ಎಂದರೆ ಹಿಟ್ಟಿನಂತೆ ನಾದುವುದು, ಟಪೋಟ್ಮಾ ಎಂದರೆ ತಟ್ಟುವುದು. ಇಂದು 'ಸ್ವೀಡಿಷ್ ಮಸಾಜ್' ಎಂಬ ಫಲಕದ ಕೆಳಗೆ ಮಾರಾಟವಾಗುವುದು ಬಹುಮಟ್ಟಿಗೆ ಇಷ್ಟೇ.

ಫಲಕಗಳಲ್ಲಿ ಇನ್ನೂ ಬಹಳ ಹೆಸರುಗಳಿವೆ. ಅಭ್ಯಂಗ, ಉದ್ವರ್ತನ, ಥಾಯ್, ಶಿಯಾಟ್ಸು, 'ಡೀಪ್ ಟಿಶ್ಯೂ', ಪಾದದ ರಿಫ್ಲೆಕ್ಸಾಲಜಿ. ಪ್ರತಿಯೊಂದರ ಮುಂದೆಯೂ ಲಾಭಗಳ ಪಟ್ಟಿ: ರಕ್ತ ಶುದ್ಧಿ, ವಿಷ ವಿಸರ್ಜನೆ, ಕೊಬ್ಬು ಕರಗುವಿಕೆ, ಸ್ನಾಯುಗಳಿಂದ ಲ್ಯಾಕ್ಟಿಕ್ ಆಮ್ಲದ ನಿವಾರಣೆ, ರೋಗನಿರೋಧಕ ಶಕ್ತಿ. ಪಟ್ಟಿ ಎಷ್ಟು ಉದ್ದವೋ ಅಷ್ಟು ಎಚ್ಚರ ಬೇಕು. ವಿಜ್ಞಾನದ ವಿದ್ಯಾರ್ಥಿಯಾಗಿ ನೀವು ಪ್ರತಿ ಸಾಲಿಗೂ ಮೂರು ಪ್ರಶ್ನೆ ಹಾಕಬಹುದು. ಯಾವ ತೊಂದರೆಗೆ? ಅಳೆದದ್ದು ಏನನ್ನು? ಯಾವುದರೊಡನೆ ಹೋಲಿಸಿ?

ಲ್ಯಾಕ್ಟಿಕ್ ಆಮ್ಲದಿಂದ ಶುರುಮಾಡೋಣ. ಕ್ರೀಡಾ ದಿನದ ಮರುದಿನ ಹುಡುಗರ ತೊಡೆ ಹಿಡಿದುಕೊಂಡಿರುತ್ತದೆ. 'ಆಮ್ಲ ಸೇರಿಕೊಂಡಿದೆ, ತಿಕ್ಕಿ ತೆಗೆಯಬೇಕು' ಎನ್ನುತ್ತಾರೆ. ಆದರೆ ಓಟ ಮುಗಿದ ಸುಮಾರು ಒಂದು ಗಂಟೆಯೊಳಗೆ ರಕ್ತದಲ್ಲಿನ ಲ್ಯಾಕ್ಟೇಟ್ ತಾನಾಗಿಯೇ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಯಕೃತ್ತು, ಹೃದಯ, ಸ್ನಾಯುಗಳೇ ಅದನ್ನು ಇಂಧನವಾಗಿ ಬಳಸುತ್ತವೆ. ನೋವಾದರೋ ಕಾಣಿಸಿಕೊಳ್ಳುವುದು ಒಂದು, ಎರಡು ದಿನ ಕಳೆದ ಮೇಲೆ. ಹಿಂದಿನ ದಿನವೇ ಹೋದ ವಸ್ತುವನ್ನು ಮರುದಿನ ತಿಕ್ಕಿ ತೆಗೆಯುವುದು ಹೇಗೆ? ಸ್ನಾಯುತಂತುಗಳ ಸೂಕ್ಷ್ಮ ಹಾನಿ ಮತ್ತು ಅದರಿಂದಾಗುವ ಉರಿಯೂತವೇ ಆ ನೋವಿನ ಕಾರಣವೆಂದು ಈಗ ತಿಳಿಯಲಾಗಿದೆ.

2012ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಪ್ರಯೋಗ ಇಲ್ಲಿ ಉಪಯುಕ್ತ. ಹನ್ನೊಂದು ಮಂದಿ ಯುವಕರು ಸುಸ್ತಾಗುವವರೆಗೆ ಸೈಕಲ್ ತುಳಿದರು. ಒಬ್ಬೊಬ್ಬರ ಒಂದು ಕಾಲಿಗೆ ಮಾತ್ರ ಹತ್ತು ನಿಮಿಷ ಮಾಲೀಸು ಮಾಡಿ, ಎರಡೂ ತೊಡೆಗಳಿಂದ ಸ್ನಾಯುವಿನ ಚೂರು ತೆಗೆದು ನೋಡಿದರು. ಲ್ಯಾಕ್ಟೇಟ್‌ನಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಮಾಲೀಸಾದ ಕಾಲಿನಲ್ಲಿ ಉರಿಯೂತದ ಸಂಕೇತಗಳು ಕಡಿಮೆಯಾಗಿದ್ದವು. ಹನ್ನೊಂದು ಜನ ಸಣ್ಣ ಸಂಖ್ಯೆ, ಅದರ ಮೇಲೆ ದೊಡ್ಡ ಮಾತು ಕಟ್ಟಲಾಗದು. ಆದರೂ ಪ್ರಯೋಗದ ಚಾತುರ್ಯ ನೋಡಿ: ಒಬ್ಬನದೇ ಒಂದು ಕಾಲು ಪ್ರಯೋಗ, ಇನ್ನೊಂದು ಕಾಲು ಹೋಲಿಕೆ.

'ವಿಷ ವಿಸರ್ಜನೆ'ಯ ಮಾತು ಆಡುವವರು ಯಾವ ವಿಷ, ಎಷ್ಟು ಮಿಲಿಗ್ರಾಂ ಎಂದು ಹೇಳುವುದಿಲ್ಲ. ಆ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದು. ಕೊಬ್ಬು ಕರಗುವ ಮಾತಿಗೆ ಒಂದು ಲೆಕ್ಕ ಸಾಕು. ಒಂದು ಕಿಲೋಗ್ರಾಂ ಮೈಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಅಡಗಿದೆ. ಮಲಗಿರುವವರು ಅದನ್ನು ಖರ್ಚು ಮಾಡುವುದಿಲ್ಲ. ಬೆವರು ಸುರಿಸುವವರು ತಿಕ್ಕುವವರು.

ಹಾಗಾದರೆ ಎಲ್ಲವೂ ಭ್ರಮೆಯೇ? ಹಾಗೆನ್ನುವುದೂ ತಪ್ಪು. ತಿಕ್ಕಿದ ಜಾಗದ ಸ್ಪರ್ಶ ಸಂಕೇತಗಳು ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳಿಗೆ ಅಡ್ಡಿಯಾಗುತ್ತವೆ ಎಂಬ 'ದ್ವಾರ ಸಿದ್ಧಾಂತ'ವನ್ನು ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದರು. ಅದರ ವಿವರಗಳು ಮುಂದೆ ತಿದ್ದುಪಡಿಯಾದರೂ ತಿರುಳು ಉಳಿದಿದೆ. ರೋಮವಿರುವ ಚರ್ಮದಲ್ಲಿ ನಿಧಾನವಾದ ಸವರುವಿಕೆಗೆಂದೇ ಇರುವ ನರತಂತುಗಳೂ ಇವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗಕ್ಕೆ ಅವು ಹೆಚ್ಚು ಓಗೊಡುತ್ತವೆ. ಮಗುವಿನ ಬೆನ್ನನ್ನು ತಾಯಿ ತಾನಾಗಿ ಸವರುವ ವೇಗವೂ ಹೆಚ್ಚುಕಡಿಮೆ ಅಷ್ಟೇ.

ಬೆನ್ನುನೋವಿನ ಬಗ್ಗೆ ಪರೀಕ್ಷೆಗಳು ಬಹಳ ನಡೆದಿವೆ. 25 ಪ್ರಯೋಗಗಳನ್ನು, 3,096 ಮಂದಿಯನ್ನು ಒಳಗೊಂಡ 2015ರ ಕಾಕ್ರೇನ್ ಸಮೀಕ್ಷೆ ಅಲ್ಪಕಾಲದ ಉಪಶಮನವನ್ನು ಕಂಡಿತು. ಆದರೆ ಪುರಾವೆಯ ಗುಣಮಟ್ಟ ತೀರ ಕೆಳಗಿನದೆಂದೂ ಹೇಳಿತು. ತಪ್ಪು ಪ್ರಯೋಗಕಾರರದಷ್ಟೇ ಆಗಿರಲಾರದು. ಸಕ್ಕರೆ ಗುಳಿಗೆ ಕೊಟ್ಟು ಔಷಧವೆಂದು ನಂಬಿಸಬಹುದು, 'ಸುಳ್ಳು ಕೈ' ಎಲ್ಲಿಂದ ತರುವುದು? ತಿಕ್ಕಿಸಿಕೊಂಡವರಿಗೆ ತಿಕ್ಕಿಸಿಕೊಂಡೆವೆಂದು ಗೊತ್ತಿರುತ್ತದೆ. ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ತೊಡಕನ್ನು ಜಾಣತನದಿಂದ ಬಳಸಿಕೊಂಡಿತು. ಹಳೆಯ ಬೆನ್ನುನೋವಿನ 401 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಎಂದಿನ ಚಿಕಿತ್ಸೆ, ಒಂದಕ್ಕೆ ಸ್ನಾಯುವಿನ ದೋಷ ಹುಡುಕಿ ಸರಿಪಡಿಸುವ ಮಸಾಜ್, ಮತ್ತೊಂದಕ್ಕೆ ಬರಿಯ ಆರಾಮದ ಮಸಾಜ್. ಹತ್ತು ವಾರಗಳ ಕೊನೆಗೆ ಮಸಾಜ್ ಪಡೆದ ಎರಡೂ ಗುಂಪು ಮೊದಲನೆಯದಕ್ಕಿಂತ ಮೇಲಾಗಿದ್ದವು. ಅವೆರಡರ ನಡುವೆ ಮಾತ್ರ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಫಲಕದ ಮೇಲಿನ ಹೆಸರಿಗೆ ಹೆಚ್ಚು ಹಣ ಕೇಳುವವರು ಈ ಫಲಿತಾಂಶಕ್ಕೆ ಉತ್ತರ ಹೇಳಬೇಕಾಗುತ್ತದೆ.

ನಮ್ಮ ನೆರೆಯ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯ ಕೆಲಸ ಬೇರೆ ಬಗೆಯದು. ಆನೆಕಾಲು ರೋಗದಿಂದ ಊದಿದ ಕಾಲನ್ನು ತೊಳೆದು ಒಣಗಿಸುವುದು, ಆಯುರ್ವೇದದ ಕಷಾಯದಲ್ಲಿ ನೆನೆಸುವುದು, ದುಗ್ಧರಸ ಸಾಗುವ ದಿಕ್ಕಿನಲ್ಲಿ ನೀವುವುದು, ಯೋಗ, ಒತ್ತುಪಟ್ಟಿ ಇವನ್ನು ಅಲ್ಲಿ ಒಟ್ಟಿಗೆ ಮಾಡಿಸುತ್ತಾರೆ. ಇದನ್ನು ಗುಲ್ಬರ್ಗ, ಆಲಪ್ಪುಳ ಜಿಲ್ಲೆಗಳ ಹಳ್ಳಿಗಳಿಗೂ ಒಯ್ದು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವ ರೋಗ, ಯಾವ ದಿಕ್ಕು, ಏನನ್ನು ಅಳೆಯುವುದು ಎಲ್ಲವೂ ಅಲ್ಲಿ ಸ್ಪಷ್ಟ. ಒಂದು ಕೊರತೆಯನ್ನು ಹೇಳಲೇಬೇಕು. ಚೀಟಿ ಎತ್ತಿ ಗುಂಪು ಮಾಡಿದ ಅಧ್ಯಯನ ಅದಾಗಿರಲಿಲ್ಲ. ಹೀಗಾಗಿ ಕಾಲು ಇಳಿದದ್ದರಲ್ಲಿ ನೀವಿದ್ದರ ಪಾಲೆಷ್ಟು, ಪಟ್ಟಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು.

ಇನ್ನು ನಮ್ಮ ಹಳ್ಳಿಗಳಿಗೆ ಬನ್ನಿ. ಕವಿ ಲಕ್ಷ್ಮೀಶನ ಊರೆಂದು ಹೆಸರಾದ ಕಡೂರು ತಾಲ್ಲೂಕಿನ ದೇವನೂರಿನಂಥ ಊರುಗಳಲ್ಲಿ ಫಲಕವಿಲ್ಲದೆ ನಡೆಯುವ ಅಂಗಮರ್ದನವೇ ಹೆಚ್ಚು. ಬಾಣಂತಿಗೆ, ಕೂಸಿಗೆ ಎಣ್ಣೆನೀರು. ದುಡಿದು ಬಂದವರ ಸೊಂಟಕ್ಕೆ ಬಿಸಿ ಎಣ್ಣೆ. ಬಿದ್ದವರ ಉಳುಕಿಗೆ ನೀವುವ ಕೈ. ಮೊದಲ ಎರಡರ ಬಗ್ಗೆ ನನ್ನ ತಕರಾರು ಸ್ವಲ್ಪವೇ. ಕೂಸಿನ ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದನ್ನು ಮಾತ್ರ ನಿಲ್ಲಿಸಬೇಕು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ಒಂದು ಬಗೆಯ ನ್ಯುಮೋನಿಯಾ ತರುತ್ತದೆ. ದಕ್ಷಿಣ ಭಾರತದ ಶಿಶುಗಳಲ್ಲಿ ಇದನ್ನು ವೈದ್ಯರು 1973ರಲ್ಲೇ ವರದಿ ಮಾಡಿದ್ದಾರೆ. ಬಾಣಂತಿಯ ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ತಿಕ್ಕಬಾರದು. ಹೆರಿಗೆಯ ನಂತರದ ವಾರಗಳಲ್ಲಿ ಅಭಿಧಮನಿಯೊಳಗೆ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು, ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಪ್ಲಾಸ್ಟರ್ ತೆಗೆದ ಕಾಲಿಗೂ ಇದೇ ಮಾತು. ದೆಹಲಿಯಲ್ಲಿ ಯುವಕನೊಬ್ಬ ಊದಿದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡ ಮೇಲೆ ಹೀಗೆಯೇ ಸತ್ತ ಪ್ರಸಂಗವನ್ನು 2017ರಲ್ಲಿ ಪತ್ರಿಕೆಗಳೂ ಬರೆದವು.

ಮೂರನೆಯದು ನೇರವಾಗಿ ಶಾಲೆಯ ಅಂಗಳಕ್ಕೆ ಸಂಬಂಧಿಸಿದ್ದು. ಮರದಿಂದಲೋ ಜಾರುಬಂಡೆಯಿಂದಲೋ ಬಿದ್ದ ಮಗು ಕೈ ಊರಿ ಬೀಳುತ್ತದೆ. ಮೊಣಕೈ ಊದಿಕೊಳ್ಳುತ್ತದೆ. ಬೆರಳಾಡುತ್ತದೆ, ಆದ್ದರಿಂದ 'ಮೂಳೆ ಮುರಿದಿಲ್ಲ, ಉಳುಕಷ್ಟೆ' ಎಂದು ತೀರ್ಮಾನವಾಗುತ್ತದೆ. ಬೆರಳಾಡುವುದು ಪುರಾವೆಯಾಗದು. ಬೆರಳುಗಳನ್ನು ಆಡಿಸುವ ಸ್ನಾಯುಗಳು ಮುಂಗೈಯಲ್ಲಿವೆ, ಮುರಿದಿರುವುದು ಮೊಣಕೈಗಿಂತ ಮೇಲಿನ ಮೂಳೆ ಇರಬಹುದು. ಮಕ್ಕಳಲ್ಲಿ ಅದು ಬಹು ಸಾಮಾನ್ಯ ಮುರಿತ. ಅಂಥ ಮೊಣಕೈಯನ್ನು ಎಣ್ಣೆ ಹಾಕಿ ದಿನವೂ ನೀವಿ, ಎಳೆದು, ಮಡಿಸಿದರೆ ಏನಾಗುತ್ತದೆ? ಪೆಟ್ಟುಬಿದ್ದ ಸ್ನಾಯುವಿನಲ್ಲಿ ರಕ್ತ ಕಟ್ಟಿದ ಜಾಗದಲ್ಲೇ ಹೊಸ ಮೂಳೆ ಬೆಳೆಯತೊಡಗಬಹುದು. ಇದಕ್ಕೆ ಮಯೋಸೈಟಿಸ್ ಆಸಿಫಿಕನ್ಸ್ ಎಂದು ಹೆಸರು. ಕೀಲು ಬಿಗಿದು, ಮಗುವಿನ ಕೈ ಪೂರ್ತಿ ಮಡಿಸಲೂ ಆಗದು, ಚಾಚಲೂ ಆಗದು. ಪೆಟ್ಟಿನ ನಂತರದ ಮಾಲೀಸು ಇದರ ಕಾರಣಗಳಲ್ಲಿ ಒಂದೆಂದು ಮೂಳೆ ವೈದ್ಯರ ಪಠ್ಯಗಳು ಹೇಳುತ್ತವೆ.

ಬಿದಿರು ಕಡ್ಡಿ ಇಟ್ಟು ಬಿಗಿಯಾಗಿ ಕಟ್ಟುವುದರಲ್ಲಿ ಇನ್ನೊಂದು ಅಪಾಯ. ಊತ ಹೆಚ್ಚಿದಂತೆ ಕಟ್ಟು ಒಳಗೇ ಹಿಂಡಿ, ಮುಂಗೈಯ ಸ್ನಾಯುಗಳಿಗೆ ರಕ್ತ ತಪ್ಪುತ್ತದೆ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯಬಹುದು, ಬೆರಳುಗಳು ಮುಂದೆ ಕೊಕ್ಕೆಯಂತೆ ಬಾಗಿ ನಿಲ್ಲುತ್ತವೆ. ಜರ್ಮನಿಯ ವೈದ್ಯ ಫೋಕ್‌ಮನ್ ಇದನ್ನು 1881ರಲ್ಲಿ ವಿವರಿಸಿದರು.

ಪರಂಪರೆಯ ಹೆಸರಿನಲ್ಲಿ ಇದನ್ನು ಸಮರ್ಥಿಸುವವರಿಗೆ ಆ ಪರಂಪರೆಯ ಗ್ರಂಥಗಳನ್ನೇ ತೋರಿಸಬಹುದು. ಚರಕ ಸಂಹಿತೆ ಅಭ್ಯಂಗವನ್ನು ಹೊಗಳುತ್ತಾ ಎಣ್ಣೆ ಕುಡಿದ ಮಡಕೆ, ಚರ್ಮ, ಗಾಡಿಯ ಅಚ್ಚುಗಳ ಹೋಲಿಕೆ ಕೊಡುತ್ತದೆ. ಅದು ಆರೋಗ್ಯವಂತರ ದಿನಚರಿಯ ಮಾತು. ಅಷ್ಟಾಂಗಹೃದಯ ಅಜೀರ್ಣವಿದ್ದವರಿಗೆ, ಕಫ ಪೀಡಿತರಿಗೆ ಅಭ್ಯಂಗ ಬೇಡವೆನ್ನುತ್ತದೆ. ಯಾರಿಗೆ ಬೇಡವೆಂದು ಹೇಳುವ ಈ ಪದ್ಧತಿ ಇಂದಿನ ಫಲಕಗಳಲ್ಲಿ ಕಾಣಿಸುವುದಿಲ್ಲ.

ಶಿಕ್ಷಕರು ಮಾಡಬೇಕಾದದ್ದು ಇಷ್ಟು. ಊದಿದ ಮೊಣಕೈಯನ್ನು ಇದ್ದ ಭಂಗಿಯಲ್ಲೇ ಬಿಡಿ, ನೇರ ಮಾಡಲು ಹೋಗಬೇಡಿ. ರಟ್ಟು ಅಥವಾ ಮಡಿಸಿದ ಪತ್ರಿಕೆಯ ಆಸರೆ ಕೊಟ್ಟು, ಟವೆಲಿನಲ್ಲಿ ಸಡಿಲವಾಗಿ ಕೊರಳಿಗೆ ತೂಗುಹಾಕಿ. ಬಟ್ಟೆಯಲ್ಲಿ ಸುತ್ತಿದ ತಣ್ಣನೆಯದನ್ನು ಇಡಬಹುದು. ಎಣ್ಣೆ, ಶಾಖ, ನೀವುವುದು ಬೇಡ. ದಾರಿಯುದ್ದಕ್ಕೂ ಬೆರಳ ತುದಿ ನೋಡುತ್ತಿರಿ. ಅವು ಬಿಳಿಚಿ ತಣ್ಣಗಾದರೆ, ಜೋಮು ಹಿಡಿದರೆ, ಬೆರಳು ಬಿಡಿಸಿದಾಗ ಮಗು ಚೀರಿದರೆ ಒಂದು ಗಂಟೆಯೂ ಕಾಯುವಂತಿಲ್ಲ. ದೇವನೂರಿನವರಿಗೆ ಕಡೂರಿನ ತಾಲ್ಲೂಕು ಆಸ್ಪತ್ರೆ ಇದೆ, ಉಳಿದವರಿಗೆ ಅವರವರ ತಾಲ್ಲೂಕಿನದು. ಎಕ್ಸ್-ರೇ ಚಿತ್ರದಲ್ಲಿ ಮುರಿತವಿಲ್ಲವೆಂದು ವೈದ್ಯರು ಹೇಳಿದ ಮೇಲೂ, ಯಾವಾಗ ಆಡಿಸಬೇಕು, ಎಷ್ಟು ಆಡಿಸಬೇಕು ಎಂಬುದನ್ನು ಅವರಿಂದಲೇ ಕೇಳಿ ಬರೆದುಕೊಳ್ಳಿ. ಮಗು ತಾನೇ ಆಡಿಸಬೇಕು, ಬೇರೆಯವರು ಹಿಡಿದೆಳೆಯಬಾರದು ಎಂಬುದನ್ನು ಮನೆಯವರಿಗೂ ಬಿಡಿಸಿ ಹೇಳಿ.