ಒಡಪು ಕೇಳಿಸದ ಮದುವೆ ವಿಡಿಯೊ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಹುಡುಗರು ಈಗ ತೆಗೆಯುತ್ತಿರುವ ಮದುವೆ ವಿಡಿಯೊಗಳಲ್ಲಿ ಚಿತ್ರಕ್ಕೆ ಹೆಸರಿಡುವ ಹಾಗಿಲ್ಲ. ಶೋಕಿಗೆಂದು ಮೊಬೈಲಿನಲ್ಲಿ ರೀಲ್ಸ್ ಮಾಡುತ್ತಿದ್ದವರು, ಗೆಳೆಯರ ನಿಶ್ಚಿತಾರ್ಥಕ್ಕೆ ಪುಕ್ಕಟೆ ಶೂಟ್ ಮಾಡಿಕೊಟ್ಟು ಕೈ ಪಳಗಿಸಿಕೊಂಡವರು ಇವತ್ತು ಅಡ್ವಾನ್ಸ್ ಪಡೆದು ಆರ್ಡರ್ ಹಿಡಿಯುತ್ತಿದ್ದಾರೆ. ಗಿಂಬಲ್ ಹಿಡಿದು ಮಂಟಪ ಸುತ್ತುವ ಸರಾಗ, ಅರಿಶಿನದ ನೀರು ಬಿಸಿಲಿಗೆ ಚಿಮ್ಮುವುದನ್ನು ಹಿಡಿಯುವ ಸ್ಲೋಮೋಷನ್, ಬಣ್ಣದ ಹದ, ಯಾವುದರಲ್ಲೂ ಇವರು ಬೆಂಗಳೂರಿನವರಿಗೆ ಕಡಿಮೆಯಿಲ್ಲ. ನನ್ನ ತಕರಾರು ಇರುವುದು ಧ್ವನಿಯ ಬಗ್ಗೆ. ಹವ್ಯಾಸ ಕಸುಬಾಗುವ ಹೊತ್ತಿಗೆ ಇವರ ಕಣ್ಣು ಪಳಗಿದೆ, ಕಿವಿ ಇನ್ನೂ ಪಳಗಿಲ್ಲ.

ಸಿರುಗುಪ್ಪ ಕಡೆಯ ಒಂದು ಮದುವೆ ವಿಡಿಯೊ ನೋಡಿದೆ. ಸುರಿಗೆಯ ಸ್ನಾನಕ್ಕೆ ನಾಲ್ಕು ಮೂಲೆಯಲ್ಲಿ ತಂಬಿಗೆ ಇಟ್ಟು ನೂಲು ಸುತ್ತಿದ್ದಾರೆ. ಹೆಂಗಸರು ಸೋಬಾನೆ ಹಾಡುತ್ತಿರುವುದು ತುಟಿಗಳಿಂದ ಗೊತ್ತಾಗುತ್ತದೆ, ಕೇಳಿಸುವುದು ಮಾತ್ರ ತೆಲುಗು ಸಿನಿಮಾದ ಹಾಡು. ಮನೆ ತುಂಬಿಸಿಕೊಳ್ಳುವಾಗ ನಾದಿನಿಯರು ಹೊಸ್ತಿಲಲ್ಲಿ ಅಡ್ಡ ನಿಂತು ಗಂಡನ ಹೆಸರು ಹೇಳು ಅನ್ನುತ್ತಾರೆ. ಮದುಮಗಳು ಆ ಹೆಸರು ಹೆಣೆದ ಒಡಪು ಹೇಳತೊಡಗಿ ನಡುವೆ ಮರೆಯುತ್ತಾಳೆ. ಸೋದರತ್ತೆ ಬಗ್ಗಿ ಕಿವಿಯಲ್ಲಿ ಸಾಲು ಎತ್ತಿಕೊಡುತ್ತಾಳೆ. ಎಲ್ಲರೂ ಗೊಳ್ಳೆಂದು ನಗುತ್ತಾರೆ. ನಗು ಕಾಣುತ್ತದೆ, ಸೋದರತ್ತೆಯ ಕೈ ಕಾಣುತ್ತದೆ, ಒಡಪು ಇಲ್ಲ. ಅಲ್ಲೂ ಅದೇ ಹಾಡು. ಆ ಮನೆಯವರು ಇಪ್ಪತ್ತು ವರ್ಷದ ಮೇಲೆ ಈ ವಿಡಿಯೊ ಹಚ್ಚಿ ಕೂತರೆ ಅವರಿಗೆ ಬೇಕಾಗುವುದು ಆ ಒಂದು ಮಾತು. ಅದನ್ನು ಎಡಿಟಿಂಗ್‌ನಲ್ಲಿ ಅಳಿಸಿದ್ದು ನನಗೆ ನಿಜಕ್ಕೂ ಸಂಕಟ ತಂದಿತು.

ಹುಡುಗರಿಗೆ ಪ್ರೀತಿ ಇಲ್ಲ ಅಂತಲ್ಲ. ಕ್ಯಾಮೆರಾದ ಮೈಕಿಗೆ ಹತ್ತಿರದ ಜನರೇಟರ್ ಮೊದಲು ಕೇಳುತ್ತದೆ, ಅಜ್ಜಿಯ ದನಿ ಆಮೇಲೆ. ಕಾಲರ್ ಮೈಕ್ ಬೇಕು, ಹೆಡ್‌ಫೋನ್ ಹಾಕಿಕೊಂಡು ಕೇಳುವ ಒಬ್ಬ ಆಳು ಬೇಕು, ಎಡಿಟಿಂಗ್‌ಗೆ ಹೆಚ್ಚಿನ ಹೊತ್ತು ಬೇಕು. ಹಾಡು ಹಾಸಿಬಿಟ್ಟರೆ ಇಷ್ಟೂ ಕೆಲಸ ತಪ್ಪುತ್ತದೆ. ಡ್ರೋನ್ ಬಂದ ಮೇಲಂತೂ ಈ ರೂಢಿ ಗಟ್ಟಿಯಾಯಿತು. ಮದುವೆಗೆ ಹಾರಿಸುವ ಸಣ್ಣ ಡ್ರೋನುಗಳು ಚಿತ್ರದ ಜೊತೆ ಧ್ವನಿ ತರುವುದಿಲ್ಲ. ಕುರುಗೋಡಿನ ದೊಡ್ಡಬಸವೇಶ್ವರನ ತೇರನ್ನು ಮೇಲಿನಿಂದ ತೋರಿಸುವ ವಿಡಿಯೊಗಳಲ್ಲಿ ಜನಸಾಗರ ಕಣ್ತುಂಬುತ್ತದೆ. ಗಾಲಿ ಹೊರಳುವ ಸದ್ದು, ಗಾಲಿಗೆ ಸನ್ನೆ ಕೊಡುವವರ ಕೂಗು, ಸಮಾಳದ ಪೆಟ್ಟು ಮಾತ್ರ ಎಲ್ಲೂ ಇಲ್ಲ. ಹೀಗಾದಾಗ ಕುರುಗೋಡಿನ ತೇರಿಗೂ ಬೇರೆ ಊರಿನ ತೇರಿಗೂ ಏನು ವ್ಯತ್ಯಾಸ ಉಳಿಯಿತು?

ಡ್ರೋನ್ ವಿಚಾರದಲ್ಲಿ ಇನ್ನೊಂದು ಮಾತು. 2021ರ ಡ್ರೋನ್ ನಿಯಮಗಳಂತೆ 250 ಗ್ರಾಂ ಮೀರಿ 2 ಕೆ.ಜಿ.ವರೆಗಿನದನ್ನು ಶೋಕಿಗೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಅದನ್ನೇ ದುಡಿಮೆಗೆ ಹಾರಿಸಿದರೆ ಬೇಕು. ಅಡ್ವಾನ್ಸ್ ಪಡೆಯುವವರೆಲ್ಲ ಇದನ್ನು ತಿಳಿದಿರಲೇಬೇಕು.

ಸಿನಿಮಾ ಹಾಡಿನ ಆಸರೆ ಕಸುಬಿನ ಹೊಟ್ಟೆಗೂ ಹೊಡೆಯುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಮದುವೆ, ಮೆರವಣಿಗೆಗಳಲ್ಲಿ ಹಾಡು ಹಾಕುವುದಕ್ಕೆ ವಿನಾಯಿತಿ ಕೊಟ್ಟಿದೆ. ಅದು ಚಪ್ಪರದ ಕೆಳಗಿನ ಮಾತು. ಅದೇ ಹಾಡನ್ನು ವಿಡಿಯೊಗೆ ಅಂಟಿಸಿ ಯೂಟ್ಯೂಬಿಗೆ ಏರಿಸಲು ಆ ವಿನಾಯಿತಿ ನೆರವಿಗೆ ಬರುವುದಿಲ್ಲ. ಚಾನೆಲ್ಲಿಗೆ ಜಾಹೀರಾತಿನ ಹಣ ಬರಬೇಕಾದರೆ 1,000 ಚಂದಾದಾರರು, ಒಂದು ವರ್ಷದೊಳಗೆ 4,000 ಗಂಟೆಯ ವೀಕ್ಷಣೆ ಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ. ಇಷ್ಟು ಬೆವರು ಸುರಿಸಿದ ಮೇಲೆ ದೊಡ್ಡ ವಿಡಿಯೊದ ಜಾಹೀರಾತು ಹಣದಲ್ಲಿ ಮಾಡಿದವರ ಪಾಲು 55%. ಹಾಡಿನ ಕಂಪನಿ ಹಕ್ಕು ಸಾಧಿಸಿದರೆ ಆ ಪಾಲೂ ಸಾಮಾನ್ಯವಾಗಿ ಅವರ ಕಡೆಗೇ ಹೋಗುತ್ತದೆ. ಬಿತ್ತಿದವರೊಬ್ಬರು, ರಾಶಿ ಮಾಡಿಕೊಳ್ಳುವವರೊಬ್ಬರು.

ಬಳ್ಳಾರಿಯಲ್ಲಿ ಹೀಗಾಗುತ್ತಿರುವುದು ನನ್ನನ್ನು ಹೆಚ್ಚು ಕಾಡುತ್ತದೆ. ಬಳ್ಳಾರಿ ರಾಘವರು (1880–1946) ವಕೀಲಿಕೆ ಮಾಡಿ ಬದುಕಿದವರು, ನಾಟಕ ಅವರಿಗೆ ಹವ್ಯಾಸ. ಹವ್ಯಾಸವೆಂದು ಮಾತಿನ ಒಂದು ಏರಿಳಿತವನ್ನೂ ಅವರು ಸಡಿಲ ಬಿಟ್ಟವರಲ್ಲ ಎಂದು ರಂಗಭೂಮಿಯ ಹಿರಿಯರು ಇಂದಿಗೂ ಹೇಳುತ್ತಾರೆ. 2020ರಲ್ಲಿ ತೀರಿಕೊಂಡ ಸುಭದ್ರಮ್ಮ ಮನ್ಸೂರು ವೃತ್ತಿ ರಂಗಭೂಮಿಯನ್ನೇ ನಂಬಿ ಬಾಳಿದವರು, ರಂಗಗೀತೆಯೇ ಅವರ ಬಲ. ಒಬ್ಬರು ಹವ್ಯಾಸಿ, ಇನ್ನೊಬ್ಬರು ವೃತ್ತಿಯವರು. ಇಬ್ಬರನ್ನೂ ಊರು ನೆನೆಯುವುದು ಕಂಠದಿಂದ. ಇಂಥ ಊರಲ್ಲಿ ಕ್ಯಾಮೆರಾ ಹಿಡಿದವರು ಧ್ವನಿಯನ್ನು ಕಡೆಗಣಿಸಬಾರದು.

ಹಾಗೆಂದು ಎಲ್ಲರೂ ಹೀಗೇ ಇಲ್ಲ. ಹೈಲೈಟ್ಸ್‌ನ ಮೊದಲ ಅರ್ಧ ನಿಮಿಷ ಬರೀ ಸೋಬಾನೆಯನ್ನೇ ಕೇಳಿಸಿ, ಆಮೇಲೆ ಚಿತ್ರ ಬಿಚ್ಚುವ ಕೆಲವು ಕೆಲಸ ನೋಡಿದ್ದೇನೆ. ಅವುಗಳಲ್ಲಿ ಕ್ಯಾಮೆರಾ ಸಾಧಾರಣ, ಆದರೂ ಇದು ಯಾರ ಮನೆ, ಯಾವ ಸೀಮೆ ಅನ್ನುವುದು ಕೂಡಲೇ ತಿಳಿಯುತ್ತದೆ. ಹೆಂಗಸರ ಒಪ್ಪಿಗೆ ಪಡೆದು ಹೀಗೆ ಧ್ವನಿಮುದ್ರಿಸಿಕೊಂಡ ಜನಪದ ಹಾಡಿನ ಮೇಲೆ ಯಾವ ಕಂಪನಿಯೂ ನ್ಯಾಯವಾಗಿ ಹಕ್ಕು ಹೂಡಲಾರದು. ರೇಟ್ ಮಾತಾಡುವಾಗ ಕ್ಯಾಂಡಿಡ್, ಡ್ರೋನ್, ಆಲ್ಬಮ್ ಜೊತೆಗೆ ಧ್ವನಿಗೂ ಬೇರೆ ದರ ಹೇಳಬೇಕು. ಸೋಬಾನೆ, ಒಡಪು, ಹಿರಿಯರ ಹರಕೆಯ ಮಾತುಗಳನ್ನು ಕತ್ತರಿಸದೆ ಪೆನ್‌ಡ್ರೈವ್‌ನಲ್ಲಿ ಮನೆಯವರಿಗೆ ಕೊಡಬೇಕು. ಡ್ರೋನ್ ಇದೆಯಾ ಎಂದು ವಿಚಾರಿಸುವ ಮನೆಯವರು ಮೈಕಿನ ಬಗ್ಗೆಯೂ ಕೇಳತೊಡಗಿದರೆ ಆ ದರ ಕೊಡಲು ಯಾರೂ ಹಿಂಜರಿಯುವುದಿಲ್ಲ.