ಕಾಣುವ ನಾಲಿಗೆ, ಕಾಣದ ತುದಿ

ಕಾಗೆಯನ್ನು ‘ತಾಗೆ’, ಗಿಳಿಯನ್ನು ‘ದಿಳಿ’ ಎನ್ನುವ ಮಗುವಿಗೆ ಮೂರು ವರ್ಷವಾಗಿದ್ದರೆ ಮನೆಮಂದಿಗೆಲ್ಲ ಮುದ್ದು. ಎಂಟು ತುಂಬಿದ ಮೇಲೂ ಹಾಗೇ ಉಳಿದರೆ ತರಗತಿಯಲ್ಲಿ ಎದ್ದು ನಿಂತು ಓದುವುದೇ ಅದಕ್ಕೆ ಸಂಕಟ. ಊರಕಡೆ ಇದಕ್ಕೆ ‘ನಾಲಿಗೆ ತಿರುಗಲ್ಲ’ ಎನ್ನುತ್ತಾರೆ, ಬಜೆ ತೇಯ್ದು ಸವರುತ್ತಾರೆ. ಸ್ಪೀಚ್ ಥೆರಪಿಗೆ ಕರೆದೊಯ್ದರೂ ಒಂದು ತೊಡಕು ಉಳಿಯುತ್ತದೆ. ‘ಪ’ ಹೇಳಿಕೊಡುವಾಗ ತುಟಿ ತೋರಿಸಬಹುದು. ‘ಕ’ ಹುಟ್ಟುವುದು ನಾಲಿಗೆಯ ಹಿಂಭಾಗ ಮೇಲೆದ್ದು ಅಂಗುಳಕ್ಕೆ ತಾಗಿದಾಗ. ಅದನ್ನು ತೋರಿಸುವುದು ಹೇಗೆ?

ಅಲ್ಟ್ರಾಸೌಂಡ್ ನೆರವಿಗೆ ಬರುವುದು ಇಲ್ಲೇ. ಗರ್ಭಿಣಿಯರ ಸ್ಕ್ಯಾನಿಂಗಿಗೆ ಬಳಸುವಂಥದೇ ಯಂತ್ರ. ಗದ್ದದ ಕೆಳಗೆ ಜೆಲ್ ಹಚ್ಚಿ ಪ್ರೋಬ್ ಇಟ್ಟರೆ ನಾಲಿಗೆಯ ಮೇಲ್ಮೈ ಪರದೆಯ ಮೇಲೆ ಬಿಳಿಗೆರೆಯಾಗಿ ಏಳುತ್ತ ಇಳಿಯುತ್ತ ಕಾಣುತ್ತದೆ. ಎಕ್ಸ್-ರೇಯಂತೆ ವಿಕಿರಣವಿಲ್ಲ, ನೋವಿಲ್ಲ. ‘ಹಿಂದೆ ಎತ್ತು’ ಎಂಬ ಮಾತಿಗೆ ಅರ್ಥ ಸಿಕ್ಕುವುದು ಮಗು ತನ್ನದೇ ನಾಲಿಗೆಯನ್ನು ಕಂಡಾಗ. ಥೆರಪಿಸ್ಟರಿಗೂ ಲಾಭವಿದೆ: ಕಿವಿಗೆ ಬರಿಯ ‘ತ’ ಎಂದು ಕೇಳಿದ್ದರ ಹಿಂದೆ ಮಗು ಇಡೀ ನಾಲಿಗೆಯನ್ನೇ ಒಟ್ಟಿಗೆ ಎತ್ತುತ್ತಿರಬಹುದು, ‘ಕ’ ಹೇಳಲು ಹೊರಟು ಅರ್ಧದಲ್ಲಿ ತಪ್ಪುತ್ತಿರಬಹುದು. ಎರಡಕ್ಕೂ ಕಲಿಸುವ ದಾರಿ ಬೇರೆ. ಹೀಗೆ ತಪ್ಪಿನ ಬೇರನ್ನು ಗುರುತಿಸಿಕೊಡುವುದನ್ನೇ ನಾನು ಈ ವಿಧಾನದ ದೊಡ್ಡ ಗುಣವೆಂದು ಎಣಿಸುತ್ತೇನೆ.

ಆದರೆ ಈ ಚಿಕಿತ್ಸೆ ಬೆಳೆದದ್ದು ವ್ಯಾಂಕೂವರ್, ಎಡಿನ್‌ಬರೋ, ಗ್ಲಾಸ್ಗೋದಂಥ ಊರುಗಳಲ್ಲಿ. ಪ್ರಯೋಗಗಳಲ್ಲಿ ದೊಡ್ಡ ಪಾಲು ಇಂಗ್ಲಿಷಿನ ‘ಆರ್’ ಧ್ವನಿಯ ಮೇಲೆ ನಡೆದಿದೆ. ನಮ್ಮ ‘ರ’ ನಾಲಿಗೆಯ ತುದಿ ಸರಕ್ಕನೆ ಬಡಿದು ಹುಟ್ಟುವ ಧ್ವನಿ; ಅಲ್ಲಿನ ಯಶಸ್ಸನ್ನು ಇಲ್ಲಿಗೆ ಹಾಗೆಯೇ ಎತ್ತಿ ತರಲಾಗದು. ಟ, ಡ, ಣ, ಳ ಎಂಬ ಮೂರ್ಧನ್ಯ ಧ್ವನಿಗಳ ತೊಡಕು ಇನ್ನೂ ಹೆಚ್ಚಿನದು. ಇವುಗಳಲ್ಲಿ ತುದಿ ಮೇಲಕ್ಕೆ ಮಡಚುತ್ತದೆ, ಅದರಡಿ ಗಾಳಿ ಸೇರುತ್ತದೆ. ಗಾಳಿಯನ್ನು ದಾಟಿ ಅಲ್ಟ್ರಾಸೌಂಡ್ ಅಲೆ ಹೋಗದು. ದವಡೆ ಎಲುಬಿನ ನೆರಳೂ ಅಲ್ಲೇ ಬೀಳುತ್ತದೆ. ಕನ್ನಡದ ಮಗುವಿಗೆ ಬಹಳ ಮುಖ್ಯವಾದ ಜಾಗದಲ್ಲಿಯೇ ಚಿತ್ರ ಮಸುಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ (ಸ್ಥಾಪನೆ 1965) ಸಂಶೋಧಕರು ಟೊರಾಂಟೊದ ಧ್ವನಿವಿಜ್ಞಾನಿ ಅಲೆಕ್ಸೈ ಕೊಚೆಟೋವ್ ಜೊತೆ ಕನ್ನಡದ ಮೂರ್ಧನ್ಯ ಒತ್ತಕ್ಷರಗಳ ಬಗ್ಗೆ 2014ರಲ್ಲಿ ಪ್ರಕಟಿಸಿದ ಅಧ್ಯಯನ ಅಲ್ಟ್ರಾಸೌಂಡ್ ಒಂದನ್ನೇ ನೆಚ್ಚಲಿಲ್ಲ. ನಾಲಿಗೆಗೆ ಪುಟ್ಟ ಸೆನ್ಸರ್ ಅಂಟಿಸಿ ಚಲನೆ ಅಳೆಯುವ ವಿಧಾನವನ್ನೂ ಬಳಸಿತು. ಈ ಎಚ್ಚರ ಚಿಕಿತ್ಸಾ ಕೊಠಡಿಯಲ್ಲೂ ಇರಬೇಕು.

ಇನ್ನೊಂದು ಪ್ರಶ್ನೆ, ಕಲಿತದ್ದು ಉಳಿಯುತ್ತದೆಯೆ? ಲಭ್ಯ ಅಧ್ಯಯನಗಳಲ್ಲಿ ಬಹುಪಾಲು ಕೆಲವೇ ಮಕ್ಕಳ ಮೇಲೆ ಮಾಡಿದಂಥವು. ಪರದೆಯ ಮುಂದೆ ಹೊಸ ಧ್ವನಿ ಬೇಗ ಬರುವುದನ್ನು ಅವು ತೋರಿಸುತ್ತವೆ. ಅದು ಆಟದ ಬಯಲಿಗೂ ಅಂಗಡಿಗೂ ಮಗುವಿನ ಜೊತೆ ಹೋಗುತ್ತದೆಂದು ಅಷ್ಟೇ ಗಟ್ಟಿಯಾಗಿ ಹೇಳುವುದಿಲ್ಲ. ಪರದೆಯನ್ನು ಹಂತಹಂತವಾಗಿ ಮರೆಮಾಡದ ಥೆರಪಿ ನನ್ನ ಮಟ್ಟಿಗೆ ಅರೆಬರೆ ಥೆರಪಿ. ಉಗ್ಗಿಗೂ ತಡವಾಗಿ ಮಾತು ಬರುವ ಮಕ್ಕಳಿಗೂ ಇದು ಮದ್ದಲ್ಲವೆಂದು ತಂದೆತಾಯಿಗೆ ಮೊದಲೇ ಹೇಳಿಬಿಡಬೇಕು.

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಆವನಿಯನ್ನು ಮುಂದಿಟ್ಟುಕೊಂಡು ನೋಡಿದರೆ ಈ ಚಿಕಿತ್ಸೆಯ ತೂಕ ಇನ್ನಷ್ಟು ಸ್ಪಷ್ಟವಾಗುತ್ತದೆ.  ಆಂಧ್ರದ ಗಡಿ ಹತ್ತಿರ, ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಶಾಲೆಯಲ್ಲಿ ‘ತಾಗೆ’ ಎನ್ನುವ ಮಗು ಮನೆಯಲ್ಲಿ ‘ಕಾಕಿ’ಯನ್ನು ‘ತಾಕಿ’ ಎನ್ನುತ್ತದೆಯೇ ಎಂದು ಕೇಳದೆ ತೀರ್ಮಾನಕ್ಕೆ ಬರುವ ಹಾಗಿಲ್ಲ. ಸುತ್ತಲಿನ ದೊಡ್ಡವರೇ ‘ಳ’ವನ್ನು ‘ಲ’ ಎನ್ನುತ್ತಿದ್ದರೆ ಮಗುವಿನದು ದೋಷವೂ ಅಲ್ಲ. ಈ ವಿವೇಚನೆ ಯಂತ್ರದಿಂದ ಬರುವುದಲ್ಲ.

ಜೊತೆಗೆ ಕಾನೂನಿದೆ. 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದವರಿಗೆ ಅಲ್ಟ್ರಾಸೌಂಡ್ ಯಂತ್ರ ಮಾರುವಂತಿಲ್ಲ. ಹೆಣ್ಣುಭ್ರೂಣಗಳನ್ನು ಉಳಿಸಲು ಬಂದ ಈ ಬಿಗಿಯನ್ನು ಮಾತಿನ ಚಿಕಿತ್ಸೆಗೆಂದು ಸಡಿಲಿಸುವುದು ನನಗೆ ಒಪ್ಪಿಗೆಯಿಲ್ಲ. ಆದ್ದರಿಂದ ಊರೂರಿನ ಥೆರಪಿ ಕೇಂದ್ರಕ್ಕೊಂದು ಪ್ರೋಬ್ ಎಂಬ ಕನಸನ್ನು ಬಿಟ್ಟು, ಜಿಲ್ಲಾ ಆಸ್ಪತ್ರೆಯ ನೋಂದಾಯಿತ ಸ್ಕ್ಯಾನಿಂಗ್ ವಿಭಾಗದಲ್ಲೇ ಥೆರಪಿಸ್ಟರಿಗೆ ವಾರಕ್ಕೆ ಕೆಲವು ಗಂಟೆ ಕೊಡಿಸುವುದು ಸರಿ. ತಪ್ಪು ಗುರುತಿಸಲು, ಮೊದಲ ಕೆಲವು ಪಾಠಗಳಿಗೆ ಅಷ್ಟು ಸಾಕು. ಉಳಿದ ತಿಂಗಳುಗಳ ಅಭ್ಯಾಸಕ್ಕೆ ತಂದೆತಾಯಿ ಕೂಲಿ ಬಿಟ್ಟು ಕೋಲಾರಕ್ಕೆ ಅಲೆಯುವಂತಾಗದೆ, ಮುಳಬಾಗಿಲಿನಲ್ಲೇ ಎರಡೂ ಭಾಷೆ ಬಲ್ಲ ಥೆರಪಿಸ್ಟ್ ಸಿಗಬೇಕು. ಹಣ ಒಂದಕ್ಕೇ ಸಾಲುವುದಾದರೆ ಮೊದಲು ಆ ನೇಮಕ.

ಸ್ಕಾಟ್ಲೆಂಡಿನಲ್ಲಿ 86 ಮಕ್ಕಳ ನಾಲಿಗೆಯ ಚಿತ್ರ ಮತ್ತು ಧ್ವನಿಯನ್ನು ‘ಅಲ್ಟ್ರಾಸ್ವೀಟ್’ ಹೆಸರಿನಲ್ಲಿ ಎಲ್ಲ ಸಂಶೋಧಕರಿಗೂ ತೆರೆದಿಟ್ಟಿದ್ದಾರೆ. ಕನ್ನಡದ ಟ-ಡ-ಣ-ಳಗಳಿಗಾಗಿ ಮೈಸೂರು ಅಂಥ ಭಂಡಾರವೊಂದನ್ನು ಕಟ್ಟಿಕೊಡಬೇಕು. ಅದರಲ್ಲಿ ಗಡಿ ತಾಲ್ಲೂಕುಗಳ ಎರಡು ಭಾಷೆಯ ಮಕ್ಕಳಿಗೂ ಜಾಗವಿರಬೇಕು.